ಸೋರಬೇಕಾದ ಹೊಲಿಗೆ

ಗಾಳಿ ಹೋಗುವ ಸದ್ದು ಕೇಳಿದರೆ ವೆಂಕಟಸ್ವಾಮಿಗೆ ಮೈಮೇಲೆ ಹುಳ ಹರಿದ ಹಾಗಾಗುತ್ತಿತ್ತು. ಮದುವೆಮನೆಯಲ್ಲಿ ಎಲೆ ಮುಂದೆ ಕೂತಿದ್ದರೂ ಹೊರಗೆ ನಿಂತ ಯಾವುದೋ ಸ್ಕೂಟರಿನ ಚಕ್ರ ‘ಸುಸ್’ ಅಂದರೆ ತುತ್ತು ಅಲ್ಲೇ ನಿಲ್ಲುತ್ತಿತ್ತು. ಹೆಂಡತಿ ಯಲ್ಲಮ್ಮ ಮೊಣಕೈಯಿಂದ ತಿವಿದು, “ಉಣ್ಣಿ ಸುಮ್ನೆ. ಊರಿನ್ ಗಾಳಿಗೆಲ್ಲಾ ನೀವೇನ್ ಕಾವಲುಗಾರ್ರಾ?” ಅನ್ನುವಳು.

ಕೋಣನಕುಂಟೆ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವನು ಅವನು. ಓದು ತಲೆಗೆ ಹತ್ತದೆ ಬನಶಂಕರಿಯ ಸೈಕಲ್ ಶಾಪ್ ಸೇರಿದ. ಅದರ ಮಾಲೀಕ ತಿಮ್ಮರಾಯಪ್ಪ ಅವನಿಗೆ ಕಲಿಸಿದ್ದು ಒಂದೇ ಪಾಠ: “ಬಾಂಡ್ಲಿ ನೀರಲ್ಲಿ ಟ್ಯೂಬ್ ಮುಳುಗ್ಸು. ಒಂದ್ ಗುಳ್ಳೆ ಬಂದ್ರೂ ನಿನ್ ಕೆಲ್ಸ ಮುಗ್ದಿಲ್ಲ ಅಂತ ತಿಳ್ಕೊ.” ಮುಂದೆ ಜೆ.ಪಿ. ನಗರದ ಹೊಂಗೆಮರದ ಕೆಳಗೆ ವೆಂಕಟಸ್ವಾಮಿ ಸ್ವಂತ ಪಂಕ್ಚರ್ ಅಂಗಡಿ ಇಟ್ಟ. ಕೊಂಬೆಗೆ ನೇತುಹಾಕಿದ ಹಳೇ ಟೈರೇ ಅದರ ಬೋರ್ಡು. ಪಕ್ಕದಲ್ಲೇ ಯಲ್ಲಮ್ಮ ಹೂ ಕಟ್ಟುತ್ತಾ ಕೂರುವಳು. ಅವನು ಮುಚ್ಚಿದ ತೂತು ಮತ್ತೆ ಬಾಯಿ ಬಿಟ್ಟದ್ದಿಲ್ಲ ಅನ್ನುವುದು ಆ ರಸ್ತೆಗೆಲ್ಲ ಗೊತ್ತಿದ್ದ ಮಾತು. ಅವನ ಹತ್ತಿರ ಇದ್ದ ಆಸ್ತಿ, ಪದವಿ, ಸನ್ಮಾನಪತ್ರ ಎಲ್ಲ ಆ ಮಾತೇ.

ಆಮೇಲೆ ಟ್ಯೂಬ್‌ಲೆಸ್ ಟೈರ್ ಬಂತು. ಚಕ್ರ ಕಳಚಿ, ಟ್ಯೂಬ್ ಎಳೆದು, ಉಜ್ಜಿ, ಅಂಟಿಸಿ, ಬಿಸಿಲಿಗೆ ಹಿಡಿದು ಮಾಡುವ ಕೆಲಸ ಹೋಗಿ ತೂತಿಗೆ ಒಂದು ರಬ್ಬರ್ ಬತ್ತಿ ಚುಚ್ಚಿದರೆ ಮುಗಿಯಿತು ಅನ್ನುವ ಕಾಲ. ಅದನ್ನು ಪೆಟ್ರೋಲ್ ಬಂಕಿನಲ್ಲೇ ಚುಚ್ಚಿ ಕಳಿಸುತ್ತಾರೆ. ಬಾಂಡ್ಲಿಯ ನೀರಲ್ಲಿ ಹೊಂಗೆ ಎಲೆ ಬಿದ್ದು ಕೊಳೆಯತೊಡಗಿತು. ಒಬ್ಬ ಮನುಷ್ಯನ ಕೈಚಳಕ ಹೀಗೆ ಸದ್ದಿಲ್ಲದೆ ಸತ್ತಾಗ ಈ ಊರಿನಲ್ಲಿ ಅಯ್ಯೋ ಅನ್ನುವವರೂ ಇಲ್ಲ. ರಸ್ತೆ ಅಗಲ ಮಾಡಿದಾಗ ಮರ ಕಡಿದರೆ ಬೋರ್ಡು ಹಿಡಿದು ನಿಲ್ಲುತ್ತೇವೆ; ಮರದ ಕೆಳಗೆ ಕೂತವನು ಏನಾದ ಅಂತ ಕೇಳುವುದಿಲ್ಲ.

ಒಂದು ಬೇಸಿಗೆ ಅವನ ಅಂಗಡಿಯ ಮುಂದೆಯೇ ಟೆಂಪೊ ಒಂದರ ಹಿಂದಿನ ಚಕ್ರ ಕೂತುಹೋಯಿತು. ಇಳಿದವನು ಮೌನೇಶ, ರಾಯಚೂರು ಕಡೆಯವನು, ಬಿ.ಟಿ.ಎಂ. ಲೇಔಟಿನಲ್ಲಿ ಹೆಂಡತಿ ಮಗುವಿನೊಂದಿಗೆ ಬಾಡಿಗೆಗಿದ್ದವನು.

“ಕಾಕಾ, ಲಗೂನ ಮಾಡ್ರಿ. ಬರ್ತ್‌ಡೇ ಐತಿ.”

“ಯಾರ್ದಪ್ಪಾ, ನಿಂದಾ?” ವೆಂಕಟಸ್ವಾಮಿ ಟೆಂಪೊ ಒಳಗೆ ಇಣುಕಿದ. ನೀಲಿ, ಹಳದಿ ಬಣ್ಣದ ದಪ್ಪ ಹಾಳೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. “ಏನಿದು, ಆನೆ ಚರ್ಮ ಸುಲ್ಕೊಂಡ್ ಹೊರಟಿದ್ದೀಯಾ?”

“ಜಾರುಬಂಡಿ ರೀ. ಬ್ಲೋವರ್ ಹಚ್ಚಿ ಗಾಳಿ ತುಂಬಿದ್ರ ಮಾಳಗಿ ಮನಿಯಂಗ ಎದ್ದು ನಿಂದರ್ತೈತಿ. ಮ್ಯಾಲಿಂದ ನೀರ ಬಿಟ್ರ ಹುಡುಗ್ರು ಸುಂಯ್ ಅಂತ ಜಾರ್ತಾವ.”

ವೆಂಕಟಸ್ವಾಮಿ ಹಾಳೆಯನ್ನು ಚಿವುಟಿದ, ಎಳೆದ, ಉಗುರಿನಿಂದ ಗೀರಿದ. ಅದು ಜಗ್ಗಲಿಲ್ಲ. ಒಳಗೆ ಬಲವಾದ ಪಾಲಿಯೆಸ್ಟರ್ ನೂಲಿನ ನೇಯ್ಗೆ, ಎರಡೂ ಬದಿಗೆ ಪಿವಿಸಿ ಲೇಪನ. ಕಾರಿನ ಸೀಟ್ ಬೆಲ್ಟಿಗೆ, ಲಾರಿಯ ಸರಕು ಬಿಗಿಯುವ ಪಟ್ಟಿಗೆ ಹಾಕುವ ಜಾತಿಯ ನೂಲು ಅದು. ಪೆಟ್ರೋಲಿಯಂನಿಂದ ಹುಟ್ಟಿದ, ಕೂದಲಿಗಿಂತ ತೆಳ್ಳಗಿನ ಎಳೆಗಳು ಒಟ್ಟಾಗಿ ನೇಯ್ದುಕೊಂಡರೆ ಗೂಳಿ ಎಳೆದರೂ ಹರಿಯದ ಬಟ್ಟೆಯಾಗುತ್ತದೆ. ಆದರೆ ಮೂಲೆಯೊಂದರಲ್ಲಿ ಗೇಟಿನ ಕಂಬಿ ತಗುಲಿ ಗೇಣುದ್ದ ಸೀಳಿತ್ತು. ವೆಂಕಟಸ್ವಾಮಿಯ ಕೈ ತುರಿಸಿತು.

ಜಾರುಬಂಡೆಯ ಒಡತಿ ಶಾಂತಲಾ. ಜಯನಗರದವಳು, ಮಕ್ಕಳ ಪಾರ್ಟಿಗಳಿಗೆ ಇಂಥವನ್ನು ಬಾಡಿಗೆಗೆ ಕೊಡುವ ವ್ಯವಹಾರವನ್ನು ಒಬ್ಬಳೇ ಕಟ್ಟಿದವಳು. ತಯಾರು ಮಾಡಿದ ಕಂಪನಿಗೆ ಕಳಿಸಿದರೆ ಬೇಸಿಗೆ ಮುಗಿಯುವ ತನಕ ವಾಪಸು ಬರುವುದಿಲ್ಲ. “ಅಂಕಲ್, ಲೀಕ್ ನಿಲ್ಲಿಸ್ಬಿಡಿ, ಸಾಕು,” ಅಂದಳು ಮೌನೇಶ ಹಚ್ಚಿಕೊಟ್ಟ ಫೋನಿನಲ್ಲಿ. ಕೋಣನಕುಂಟೆಯಲ್ಲಿ ಅವಳದೊಂದು ಶೀಟಿನ ಗೋಡೌನ್ ಇತ್ತು; ಬರ್ತ್‌ಡೇ ಮುಗಿದ ಮೇಲೆ ಜಾರುಬಂಡೆ ಅಲ್ಲಿಗೆ ಬಂತು. ಟ್ಯೂಬಿಗೆ ಹಚ್ಚುವ ರಬ್ಬರ್ ಸೊಲ್ಯೂಷನ್ ಆ ಹಾಳೆಗೆ ಹಿಡಿಯಲಿಲ್ಲ. ವೆಂಕಟಸ್ವಾಮಿ ಕಲಾಸಿಪಾಳ್ಯಕ್ಕೆ ಹೋಗಿ ಲಾರಿ ಟಾರ್ಪಾಲು ಅಂಟಿಸುವ ಗಮ್ ತಂದು ಸೀಳನ್ನು ಮುಚ್ಚಿದ. ಬ್ಲೋವರ್ ಹಾಕಿಸಿದ. ಜಾರುಬಂಡೆ ಎದ್ದು ನಿಂತಿತು. ಆಗ ಕೇಳಿಸಿತು ಆ ಸದ್ದು. ಸುಸ್... ಹೊಲಿಗೆಯ ಉದ್ದಕ್ಕೂ, ಪ್ರತಿ ಸೂಜಿತೂತಿನಿಂದಲೂ ಗಾಳಿ.

ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಮರುದಿನ ಅವನು ಮಂಡಿಯೂರಿ ಕೂತು ಹೊಲಿಗೆಯ ಮೇಲೆಲ್ಲ ಗಮ್ ಎಳೆದ. ಕೂಲಿಗಾಗಿ ಅಲ್ಲ. ತನ್ನ ಕೈ ಮುಟ್ಟಿದ ವಸ್ತು ಸೋರುವುದುಂಟೇ? ಸಂಜೆಗೆ ಗಾಳಿ ತುಂಬಿದರೆ ಒಂದು ಉಸಿರೂ ಹೊರಗಿಲ್ಲ. ಜಾರುಬಂಡೆ ಸೆಟೆದು ನಿಂತಿತ್ತು. ಶಾಂತಲಾ ಫೋಟೊ ತೆಗೆದು, “ಸೂಪರ್ ಅಂಕಲ್! ಹೊಸದ್ರಂಗಿದೆ,” ಅಂದಳು. ಮೌನೇಶ ಮಾತ್ರ ಅದನ್ನು ಅಂಗೈಯಿಂದ ತಟ್ಟಿ, “ಮೇಡಂ, ಕಲ್ಲಾಗೇತ್ರೀ ಇದು. ಮೊದಲ ಕಾಲಿಟ್ರ ಮೆತ್ತಗ ಒಳಗ ಹೋಗ್ತಿತ್ತು,” ಅಂದ.

“ಟೈಟಾಗಿದ್ರೆ ಒಳ್ಳೇದೇ ಅಲ್ವಾ? ನೀನ್ ಲೋಡ್ ಮಾಡಪ್ಪ.”

ಮೌನೇಶ ಲೋಡ್ ಮಾಡಿದ. ಅವನ ಮಾತು ಅಲ್ಲೇ ಬಿತ್ತು. ಇಂಥ ಮಾತುಗಳು ಯಾವಾಗಲೂ ಬೀಳುವುದು ಅಲ್ಲೇ, ಎತ್ತಿಕೊಳ್ಳುವವರಿಲ್ಲದ ಜಾಗದಲ್ಲಿ.

ಅಂಜನಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಪಾರ್ಟಿ. ಮಕ್ಕಳು ಹಿಂಡುಹಿಂಡಾಗಿ ಹತ್ತಿ ಕುಣಿದು ಜಾರುತ್ತಿದ್ದಾಗ ಮೇಲ್ಗಡೆಯ ಹಳೆಯ ಹೊಲಿಗೆಯೊಂದು ‘ಢಬ್’ ಅಂತ ಬಿಚ್ಚಿಕೊಂಡಿತು. ಜಾರುಬಂಡೆಯ ಒಂದು ಭುಜ ಕುಸಿಯಿತು. ತುದಿಯಲ್ಲಿದ್ದ ಸುರಭಿ ಎಂಬ ಹುಡುಗಿ ಪಕ್ಕಕ್ಕೆ ಉರುಳಿ ಹುಲ್ಲಿನ ಮೇಲೆ ಬಿದ್ದಳು. ಕೈಮೂಳೆ ಮುರಿಯಿತು.

ತಪ್ಪು ಯಾರದು? ಇಂಥ ಪ್ರಶ್ನೆಗೆ ನಮ್ಮ ಊರು ತಡವರಿಸುವುದೇ ಇಲ್ಲ. ಸ್ವಿಚ್ಚಿನ ಹತ್ತಿರ ಯಾವನು ನಿಂತಿದ್ದನೋ ಅವನದು. ಸುರಭಿಯ ಅಪ್ಪ ಸುಭಾಷ್ ಸಂಕಟದಲ್ಲಿ ಮೌನೇಶನ ಕಾಲರ್ ಹಿಡಿದ. ಬ್ಲೋವರನ್ನು ಹದ ತಪ್ಪಿ ಓಡಿಸಿದ ಅಂತ ಯಾರೋ ಅಂದರು, ಕುಡಿದಿದ್ದ ಅಂತ ಇನ್ಯಾರೋ ಸೇರಿಸಿದರು. ಅವನು ಮುಟ್ಟಿದ್ದು ಬರೀ ಚಹಾ. ಅವನ ಕನ್ನಡ ಬೇರೆ ಥರ ಕೇಳಿಸುತ್ತದೆ, ಬಾಡಿಗೆ ಮನೆ, ಹಿಂದೆ ನಿಲ್ಲುವವರಿಲ್ಲ. ಸಾಕ್ಷಿ ಇನ್ನೇನು ಬೇಕು? ಶಾಂತಲಾ ಅಂದೇ ಅವನನ್ನು ಕೆಲಸದಿಂದ ತೆಗೆದಳು. ಗೋಡೌನಿಗೆ ಬಂದು ಜಾರುಬಂಡೆ ನೋಡಿ, ಆಮೇಲೆ ಪೊಲೀಸರಿಗೆ ದೂರು ಕೊಡುತ್ತೇನೆ ಅಂದ ಸುಭಾಷ್.

ಸೋಮವಾರ ಬೆಳಿಗ್ಗೆ, ಬಿಚ್ಚಿದ ಕಡೆ ಹೊಲಿಗೆ ಹಾಕಲು ಶಾಂತಲಾಳಿಂದ ವೆಂಕಟಸ್ವಾಮಿಗೆ ಕರೆ ಬಂತು. ದಬ್ಬಣ, ದಾರ ಹಿಡಿದು ಗೋಡೌನಿಗೆ ಹೋದ. ಬಟ್ಟೆ ಎಲ್ಲೂ ಹರಿದಿರಲಿಲ್ಲ. ದಾರ ಮಾತ್ರ ಕಿತ್ತು ಬಂದಿತ್ತು. ಅದರ ಎರಡೂ ಪಕ್ಕದಲ್ಲಿ ತಾನು ಎಳೆದ ಗಮ್ ಗಟ್ಟಿಯಾಗಿ ಹಿಡಿದುಕೊಂಡೇ ಇತ್ತು. ಎಂಥ ಕೆಲಸ ನನ್ನದು ಅಂತ ಒಂದು ಕ್ಷಣ ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಗೋಡೌನಿನ ಇನ್ನೊಂದು ಮೂಲೆಯಿಂದ ಸುಸ್ ಅಂದಿತು.

ಆಗಷ್ಟೇ ಪೆಟ್ಟಿಗೆ ಬಿಚ್ಚಿದ, ಇನ್ನೂ ಯಾವ ಮಗುವೂ ಹತ್ತದ ಪುಟ್ಟ ಜಾರುಬಂಡೆಗೆ ಕೆಲಸದವರು ಗಾಳಿ ತುಂಬಿ ನೋಡುತ್ತಿದ್ದರು. ಅದೂ ಹೊಲಿಗೆಯ ಉದ್ದಕ್ಕೂ ಸೋರುತ್ತಿತ್ತು. ಹೊಚ್ಚಹೊಸದು ಸೋರುತ್ತದೆ ಅಂದರೆ? ವೆಂಕಟಸ್ವಾಮಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಇದು ಟ್ಯೂಬ್ ಅಲ್ಲ. ಗಾಳಿ ಕೂಡಿಹಾಕುವ ವಸ್ತುವೇ ಅಲ್ಲ. ಒಂದು ಕಡೆಯಿಂದ ಬ್ಲೋವರ್ ತುಂಬುತ್ತಲೇ ಇರಬೇಕು, ಇನ್ನೊಂದು ಕಡೆ ಸೂಜಿತೂತುಗಳಿಂದ ಹೋಗುತ್ತಲೇ ಇರಬೇಕು. ಮಕ್ಕಳು ಕುಣಿದಾಗ ಗಾಳಿಗೆ ದಾರಿ ಬೇಕು. ದಾರಿಗಳನ್ನೆಲ್ಲ ಅವನು ಮುಚ್ಚಿದ್ದ. ಬಟ್ಟೆಯ ಜೊತೆ ಸೆಣಸಲಾರದ ಗಾಳಿ ಹಳೇ ದಾರವನ್ನು ಹುಡುಕಿಕೊಂಡಿತ್ತು.

ಮಧ್ಯಾಹ್ನ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿದರೂ ಅವನು ಉಣ್ಣಲಿಲ್ಲ. ಯಲ್ಲಮ್ಮ ಕೇಳಿದಳು. ಹೇಳಿದ.

“ಯಾರಿಗಾದ್ರೂ ಗೊತ್ತಾ?”

“ಗೊತ್ತಾಗೋದೂ ಇಲ್ಲ.”

“ಹಂಗಾದ್ರೆ ಬಾಯ್ ಮುಚ್ಕೊಂಡ್ ಕೂತ್ಕೊಳಿ. ಪೊಲೀಸ್ನೋರು ಅಂದ್ರೆ ಏನ್ ಹುಡುಗಾಟಾನಾ? ನಿಮ್ ಕೈಗೆ ಇರೋದ್ ಒಂದೇ ಹೆಸ್ರು. ಅದೂ ಹೋದ್ರೆ ಈ ಟೈರ್ ಇಳ್ಸಿ ಮನೇಗ್ ತಗೊಂಡ್ ಹೋಗೋದೇ.”

ಅವನು ಬುತ್ತಿಯ ಮುಚ್ಚಳ ಹಾಕಿದ. ಯಲ್ಲಮ್ಮ ದಾರಕ್ಕೆ ಮಲ್ಲಿಗೆ ಕಟ್ಟುತ್ತಲೇ ಇದ್ದಳು. ಮಾಲೆ ಮೊಳ ದಾಟಿದ ಮೇಲೆ, ತಲೆ ಎತ್ತದೆ ಕೇಳಿದಳು: “ಆ ರಾಯಚೂರಿನೋನ್ಗೆ ಮಗು ಎಷ್ಟ್ ದೊಡ್ದು?”

“ಈಗ ನಡೀತೈತಂತೆ.”

“ಥೂ. ಟ್ಯೂಬಲ್ಲಿ ಗಾಳಿ ನಿಲ್ಲಿಸ್ತೀರ, ಹೊಟ್ಟೇಲಿ ಮಾತ್ ನಿಲ್ಸಕ್ಕಾಗಲ್ಲ ನಿಮ್ ಕೈಲಿ. ನಾಳೆ ಹೋಗಿ ಹೇಳ್ಬಿಟ್ ಬನ್ನಿ, ಹೋಗಿ.”

ಮರುದಿನ ಸುಭಾಷ್ ಗೋಡೌನಿಗೆ ಬಂದಾಗ ಶಾಂತಲಾ, “ಸಾರ್, ಅವ್ನನ್ನ ಆವತ್ತೇ ಕಳಿಸ್ಬಿಟ್ಟೆ. ಕಂಪ್ಲೇಂಟ್ ಕೊಡೋದಾದ್ರೆ ಕೊಡಿ, ನಾನೂ ಸೈನ್ ಹಾಕ್ತೀನಿ,” ಅನ್ನುತ್ತಿದ್ದಳು. ವೆಂಕಟಸ್ವಾಮಿ ಹತ್ತಿರ ಬಂದ. ಕೈಯಲ್ಲಿ ಸೋಪಿನ ನೀರಿನ ಚೊಂಬು.

“ಸಾರ್, ಮೌನೇಶಂದಲ್ಲ ತಪ್ಪು. ನಂದು.”

“ಯಾರ್ರೀ ನೀವು?”

“ಪಂಕ್ಚರ್ ಅಂಗಡಿ ವೆಂಕಟಸ್ವಾಮಿ.”

“ಅಂಕಲ್, ನೀವ್ ಸುಮ್ನಿರಿ,” ಶಾಂತಲಾಳ ದನಿ ಏರಿತು. “ನಿಮಗ್ಯಾಕೆ ಇದೆಲ್ಲ?”

ಅವಳು ರಾಕ್ಷಸಿಯಲ್ಲ. ಈ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅವಳಿಗೆ ಹೊಳೆದಿತ್ತು, ಅಷ್ಟೆ. ವೆಂಕಟಸ್ವಾಮಿ ಹೊಸ ಜಾರುಬಂಡೆಗೆ ಗಾಳಿ ತುಂಬಿಸಿ ಹೊಲಿಗೆಯ ಮೇಲೆ ಸೋಪಿನ ನೀರು ಸುರಿದ. ಯಲ್ಲಮ್ಮನ ಮಲ್ಲಿಗೆ ಮಾಲೆಯ ಹಾಗೆ ಉದ್ದಕ್ಕೂ ಗುಳ್ಳೆ ಎದ್ದವು. ಆಮೇಲೆ ಹಿಂದಿನ ದಿನ ದಬ್ಬಣದಲ್ಲಿ ಹೊಲಿದಿಟ್ಟಿದ್ದ ದೊಡ್ಡದಕ್ಕೆ ಅರ್ಧಂಬರ್ಧ ಗಾಳಿ ತುಂಬಿಸಿ, ತಾನು ಗಮ್ ಎಳೆದ ಕಡೆ ಸುರಿದ. ನೀರು ಸುಮ್ಮನೆ ಇಳಿದುಹೋಯಿತು. ಒಂದು ಗುಳ್ಳೆಯೂ ಇಲ್ಲ. ಜೀವಮಾನವೆಲ್ಲ ಯಾವುದಕ್ಕಾಗಿ ದುಡಿದಿದ್ದನೋ ಅದೇ. ಅವನ ಕಣ್ಣು ತೇವವಾಯಿತು.

“ಇಲ್ಲಿ ಗುಳ್ಳೆ ಬರ್ಬೇಕಿತ್ತು ಸಾರ್. ನಾನು ಬಾಯ್ ಹೊಲ್ದ್ಬಿಟ್ಟೆ ಇದಕ್ಕೆ. ಗಟ್ಟಿಯಾಗೈತೆ ಅಂತ ಮೌನೇಶ ಅವತ್ತೇ ಹೇಳ್ದ, ಮೇಡಂ ಮುಂದೇನೇ. ಕಂಪ್ಲೇಂಟ್ ಕೊಡೋದಾದ್ರೆ ನನ್ ಮೇಲ್ ಕೊಡಿ. ಮಗೀಗೆ... ಕೈ ಹೆಂಗೈತೆ ಸಾರ್?”

ಸುಭಾಷ್ ಗುಳ್ಳೆಯಿಲ್ಲದ ಹೊಲಿಗೆಯನ್ನು ಬೆರಳಿನಿಂದ ಒತ್ತಿ ನೋಡಿದ. ಶಾಂತಲಾಳ ಕಡೆ ತಿರುಗಿದ. “ಮಕ್ಕಳು ಹತ್ತೋ ವಸ್ತೂನ ಪಂಕ್ಚರ್ ಅಂಗಡೀಲಿ ರಿಪೇರಿ ಮಾಡ್ಸಿದ್ರಾ ಮೇಡಂ? ಹೇಳ್ದೋನ್ ಮಾತೂ ಕೇಳ್ಲಿಲ್ವಾ?”

ಶಾಂತಲಾ ನೆಲ ನೋಡಿದಳು. “ಸೀಸನ್ ಸಾರ್... ತಪ್ಪಾಯ್ತು.” ಆ ಗೋಡೌನಿನಲ್ಲಿ ಅಷ್ಟು ಹೊತ್ತಿಗೆ ಎರಡು ಸಲ ‘ತಪ್ಪು’ ಎಂಬ ಮಾತು ತಪ್ಪು ಮಾಡಿದವರ ಬಾಯಿಂದಲೇ ಬಂದಿತ್ತು. ದಿನಪತ್ರಿಕೆಯಲ್ಲಿ ಸೇತುವೆ ಬಿದ್ದ ಸುದ್ದಿ ಓದುವವರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತು.

ಸುಭಾಷ್ ದೂರು ಕೊಡಲಿಲ್ಲ. ಕಂಪನಿಯವರೇ ಬಂದು ಪರೀಕ್ಷೆ ಮಾಡುವ ತನಕ ಆ ಜಾರುಬಂಡೆ ಹೊರಗೆ ಬರಕೂಡದು ಅಂದ. ಮೌನೇಶನಿಗೆ ತಾನೇ ಫೋನ್ ಮಾಡಿ, ಕಾಲರ್ ಹಿಡಿದದ್ದಕ್ಕೆ ಏನೋ ಗೊಣಗಿದ. ಶಾಂತಲಾಳೂ ವಾಪಸು ಬಾ ಅಂದಳು. ಮೌನೇಶ ಮೊದಲು ಬಂದದ್ದು ಹೊಂಗೆಮರದ ಕೆಳಕ್ಕೆ.

“ಕಾಕಾ, ನಿಮ್ಮ ಮ್ಯಾಲ ಭಾಳ ಸಿಟ್ಟ ಬಂದೈತಿ ನನಗ. ಚಾ ಕುಡಸ್ರಿ.”

ಇಬ್ಬರೂ ಚಹಾ ಕುಡಿದು ಗೋಡೌನಿಗೆ ಹೋದರು. ಟ್ಯೂಬ್ ಉಜ್ಜುತ್ತಿದ್ದ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ವೆಂಕಟಸ್ವಾಮಿ ತನ್ನದೇ ಗಮ್ಮನ್ನು ಕೆರೆಯುತ್ತಾ ಕೂತ. ಚೆನ್ನಾಗಿ ಮಾಡಿದ ಕೆಲಸವನ್ನು ಅಳಿಸುವುದು ಮಾಡುವುದಕ್ಕಿಂತ ಕಷ್ಟ. ಮಾಡುವುದಕ್ಕೆ ಒಂದು ದಿನ ಸಾಕಾಗಿತ್ತು. ಕೆರೆಯುವುದು ಆ ವಾರವೆಲ್ಲ ಹಿಡಿಯಿತು. ಕಂಪನಿಯವರು ಬಂದು ಹಳೇ ಹೊಲಿಗೆ ಬಿಚ್ಚಿ ಹೊಸ ದಾರ ಹಾಕಿದರು. ಕೊನೆಗೆ ಮೌನೇಶ ಬ್ಲೋವರ್ ಹಾಕಿದ. ಜಾರುಬಂಡೆ ಮೈಮುರಿದು ಎದ್ದಿತು. ಸೋಪಿನ ನೀರು ಬಿದ್ದಲ್ಲೆಲ್ಲ ಗುಳ್ಳೆ.

ಸುಸ್ ಸುಸ್ ಅನ್ನುವ ಹೊಲಿಗೆಯ ಪಕ್ಕ ವೆಂಕಟಸ್ವಾಮಿ ನಿಂತ. ಅವನ ಬಲಗೈ ತಾನಾಗಿ ಅಂಗಿಯ ಜೇಬಿಗೆ, ಗಮ್ಮಿನ ಟ್ಯೂಬಿಗೆ ಹೋಯಿತು.

“ಕಾಕಾ!” ಮೌನೇಶ ಕೂಗಿದ.

“ಇಲ್ಲಪ್ಪಾ ಇಲ್ಲ. ಸುಮ್ನೆ ಕೈ ಇಟ್ಟೆ,” ಅಂದ ವೆಂಕಟಸ್ವಾಮಿ. ಆ ಕೈಯನ್ನು ಜೇಬಿನಿಂದ ತೆಗೆದು ಹೊಲಿಗೆಯ ಮೇಲಿಟ್ಟ. ಗಾಳಿ ಬೆರಳ ಸಂದಿಯಿಂದ ಹೋಗುತ್ತಿತ್ತು. ಅವನು ಹೋಗಲು ಬಿಟ್ಟ.