ಫೋಟೊ ಆದ ಮೇಲೆ ಊಟ

ಅಕ್ಕಿ ರೊಟ್ಟಿ ಬ್ರೆಡ್ಡೋ, ಅಲ್ಲವೋ?

ನಗಬೇಡಿ. ಕೊಪ್ಪದ ನಾವೊಂದಿಷ್ಟು ತಾಯಂದಿರು ಒಂದು ಇಡೀ ಸಂಜೆ ಒಲೆಯ ಮೇಲೆ ಹಾಲಿಟ್ಟು, ಕೈಯಲ್ಲಿ ಮೊಬೈಲ್ ಹಿಡಿದು ಇದನ್ನೇ ಚರ್ಚಿಸಿದೆವು. (ಹಾಲು ಉಕ್ಕಿತು. ತೀರ್ಮಾನ ಆಗಲಿಲ್ಲ.)

ನನ್ನ ಮಗಳು ಇಳಾಗೆ ಇನ್ನೂ ಮೂರು ತುಂಬಿಲ್ಲ. ಈ ವರ್ಷ ಪೇಟೆಯ ಒಂದು ಪ್ಲೇಸ್ಕೂಲಿಗೆ ಸೇರಿಸಿದ್ದೇವೆ. ಬೆಳಿಗ್ಗೆ ವ್ಯಾನ್ ಹತ್ತುತ್ತಾಳೆ, ಸ್ಕೂಲಲ್ಲೇ ಊಟ ಮುಗಿಸಿ ಮಧ್ಯಾಹ್ನ ವಾಪಸ್. ಒಂದು ದಿನ ಅಲ್ಲಿನ ಮುಖ್ಯ ಮಿಸ್ ತಾಯಂದಿರ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದರು. ಇನ್ನು ಮೇಲೆ ಊಟದ ಡಬ್ಬಿಯಲ್ಲಿ ಬ್ರೆಡ್ ಬೇಡ. ಬ್ರೆಡ್ ಇಲ್ಲದ, ಆರೋಗ್ಯಕರವಾದ, ‘ಕ್ರಿಯೇಟಿವ್’ ಆದ ಊಟ ಕಳಿಸಿ. ದಿನವೂ ಪ್ರತಿ ಮಗುವಿನ ಡಬ್ಬಿಯ ಫೋಟೊ ನಾವೇ ತೆಗೆದು ಗ್ರೂಪಿಗೆ ಹಾಕುತ್ತೇವೆ.

ನಮ್ಮ ಕಡೆ ಬ್ರೆಡ್ ಎನ್ನುವುದು ಊಟವೇ ಅಲ್ಲ. ಅದು ಜ್ವರದ ಪಥ್ಯ. ಬೇಕರಿಯಿಂದ ಬ್ರೆಡ್ ಹಿಡಿದು ಹೊರಟರೆ ಎದುರು ಸಿಕ್ಕವರು ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಾರೆ. ಬೆಳಗಾದರೆ ಕಡುಬು, ದೋಸೆ, ರೊಟ್ಟಿ ಎಂದು ಬೇಯಿಸುವ ಊರಿಗೆ ಬ್ರೆಡ್ ಬಿಡಿ ಎಂಬ ಉಪದೇಶ. ಬಿಡುವುದಕ್ಕೆ ಮೊದಲು ಹಿಡಿದಿರಬೇಕಲ್ಲ?

ಮೇಗುಂದದ ಕಡೆಯ ಒಬ್ಬ ತಾಯಿ ವಿನಯದಿಂದ ಕೇಳಿದರು. “ಅಕ್ಕಿ ರೊಟ್ಟಿ ಆಗ್ಬಹುದಾ ಮಿಸ್?”

ಮಿಸ್ ಗೂಗಲ್ ನೋಡಿರಬೇಕು. “ರೊಟ್ಟಿ ಈಸ್ ಫ್ಲಾಟ್ ಬ್ರೆಡ್. ಪ್ಲೀಸ್ ಅವಾಯ್ಡ್” ಎಂದು ಉತ್ತರ ಬಂತು.

ಅಲ್ಲಿಗೆ ನಮ್ಮ ಅಜ್ಜಿಯಂದಿರೆಲ್ಲ ಜೀವಮಾನವಿಡೀ ಬೇಕರಿ ನಡೆಸಿದ ಹಾಗಾಯಿತು.

ನನ್ನ ಗಂಡ ಸಹಕಾರಕ್ಕೆ ಹೆಸರಾದವರು. ಸಹಕಾರ ಎಂದರೆ, ಸೋಫಾದ ಮೇಲೆ ಕೂತು ಅಡುಗೆಮನೆಯಲ್ಲಿರುವ ನನಗೆ ರೀಲ್ಸ್ ಕಳಿಸುವುದು. ‘ಪುಟಾಣಿಗಳಿಗೆ ಐದೇ ನಿಮಿಷದಲ್ಲಿ ಬ್ರೆಡ್ ಇಲ್ಲದ ಊಟ.’ ನೋಡಿದೆ. ಹಿಂದಿನ ದಿನವೇ ನೆನೆಸಿಟ್ಟ ಹೆಸರುಕಾಳು ತಗೊಳ್ಳಿ, ಬೇಯಿಸಿ ಸಿಪ್ಪೆ ತೆಗೆದಿಟ್ಟ ಗೆಣಸು ತಗೊಳ್ಳಿ, ತುರಿದಿಟ್ಟುಕೊಂಡ ಕ್ಯಾರೆಟ್ ತಗೊಳ್ಳಿ. ಆಮೇಲೆ ಐದು ನಿಮಿಷ. ಆ ಲೆಕ್ಕದಲ್ಲಿ ಮದುವೆ ಊಟವನ್ನೂ ಐದು ನಿಮಿಷದಲ್ಲಿ ಮುಗಿಸಬಹುದು, ಬಡಿಸುವುದೊಂದೇ ಬಾಕಿ ಇದ್ದರೆ.

“ಎಷ್ಟು ಸುಲಭ ನೋಡು ಮಾರಾಯ್ತಿ” ಎಂದರು ಇವರು, ಸೋಫಾದಿಂದ.

ನಾನೂ ಶುರು ಮಾಡಿದೆ. ಬೀಟ್ರೂಟ್ ಹಾಕಿ ಗುಲಾಬಿ ಬಣ್ಣದ ಇಡ್ಲಿ. ಅದಕ್ಕೆ ಕ್ಯಾರೆಟ್ಟಿನ ಕಿವಿ, ದ್ರಾಕ್ಷಿಯ ಕಣ್ಣು. ಗ್ರೂಪಿನಲ್ಲಿ ಚಪ್ಪಾಳೆ, ಹೃದಯ, ‘ವಾವ್ ಇಳಾ ಮಮ್ಮಿ’. ಸುಳ್ಳೇಕೆ, ಖುಷಿಯಾಯಿತು. ಆದರೆ ಮಧ್ಯಾಹ್ನ ಡಬ್ಬಿ ತೆರೆದರೆ ಇಡ್ಲಿ ಕಳಿಸಿದ ಹಾಗೆಯೇ ಕೂತು ನನ್ನನ್ನು ನೋಡುತ್ತಿತ್ತು. ಇಳಾ ಮಾತ್ರ ಬಂದವಳೇ ಅನ್ನ, ಸಾರು ಎಂದು ಗಬಗಬ ತಿನ್ನುತ್ತಿದ್ದಳು.

ಇಡ್ಲಿ ಇಷ್ಟವಾಗಲಿಲ್ಲವೇನೋ ಎಂದು ಮರುದಿನ ಪಾಲಕ್ ಪಡ್ಡಿನ ಆಮೆ ಮಾಡಿದೆ. ಆಮೆಯೂ ವಾಪಸ್. ಕಾಯಿ ಬೆಲ್ಲ ತುಂಬಿದ ದೋಸೆಯ ಬಸವನಹುಳು ಮಾಡಿದೆ. ಹುಳುವೂ ವಾಪಸ್. ನಮ್ಮ ಮನೆಯ ಫ್ರಿಜ್ಜು ಸಣ್ಣ ಮೃಗಾಲಯವಾಯಿತು. ನನ್ನ ಕಲೆ ಸಾಲದು ಎಂದು ನಾನು ಇನ್ನಷ್ಟು ಬೇಗ ಏಳತೊಡಗಿದೆ.

ಇದರ ನಡುವೆ ಇಳಾಗೆ ಇನ್ನೊಂದು ಅಭ್ಯಾಸ ಅಂಟಿಕೊಂಡಿತು. ತಟ್ಟೆ ಇಟ್ಟ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ಕೂರುವುದು. ‘ತಿನ್ನು’ ಎಂದು ಎರಡು ಸಲ ಹೇಳಿದರೆ ಮಾತ್ರ ಕೈ ಮುಂದೆ. “ನೋಡಿದ್ಯಾ, ಸ್ಕೂಲು ಅಂದ್ರೆ ಹೀಗಿರ್ಬೇಕು. ಎಂತ ಶಿಸ್ತು” ಎಂದು ಇವರು ಬೀಗಿದರು. ನಾನೂ ಬೀಗಿದೆ.

ಎನ್.ಆರ್. ಪುರದಲ್ಲಿ ನನ್ನ ಅಕ್ಕನ ಮನೆ. ಒಂದು ದಿನ ಅಲ್ಲಿಗೆ ಹೋಗುವುದಿತ್ತು. ಬಸ್ ತಪ್ಪಬಾರದೆಂದು ವ್ಯಾನ್ ಬರುವ ಮೊದಲೇ ಇಳಾಳನ್ನು ಕರೆತರಲು ಸ್ಕೂಲಿಗೆ ಹೋದೆ. ಊಟದ ಹೊತ್ತು. ತೊಂದರೆ ಕೊಡುವುದು ಬೇಡವೆಂದು ಕಿಟಕಿಯ ಹತ್ತಿರ ನಿಂತೆ.

ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರ ಮುಂದೆ ತೆರೆದ ಡಬ್ಬಿ. ಎಲ್ಲರ ಕೈಯೂ ಬೆನ್ನ ಹಿಂದೆ.

ಮಿಸ್ ಮೊಬೈಲ್ ಹಿಡಿದು ಒಂದೊಂದೇ ಡಬ್ಬಿಯ ಮುಂದೆ ಬಗ್ಗುತ್ತಿದ್ದರು. ಡಬ್ಬಿಯನ್ನು ಬೆಳಕಿಗೆ ತಿರುಗಿಸುವುದು, ಬಿದ್ದ ಕಿವಿಯನ್ನು ಮತ್ತೆ ಅಂಟಿಸುವುದು, ಮಗುವಿನ ಗಲ್ಲ ಹಿಡಿದು ನಗಿಸುವುದು. ಒಂದು ಫೋಟೊ ಸರಿ ಬರದಿದ್ದರೆ ಇನ್ನೊಂದು. ಇಳಾ ಮೆಲ್ಲಗೆ ಒಂದು ಕೈ ಮುಂದೆ ತಂದಳು. “ವೇಟ್ ಪುಟ್ಟಿ, ಹ್ಯಾಂಡ್ಸ್ ಬ್ಯಾಕ್” ಎಂದು ಮಿಸ್ ಪ್ರೀತಿಯಿಂದಲೇ ಆ ಕೈಯನ್ನು ಹಿಂದಕ್ಕೆ ಕಳಿಸಿದರು. ಬಯ್ಯಲಿಲ್ಲ, ಗದರಲಿಲ್ಲ. ಬಯ್ದಿದ್ದರೆ ನನಗೆ ಜಗಳವಾಡಲು ಸುಲಭವಾಗುತ್ತಿತ್ತು.

ಕೊನೆಯ ಮಗುವಿನ ಫೋಟೊ ಮುಗಿಯುವ ಹೊತ್ತಿಗೆ ಹೊರಗೆ ವ್ಯಾನ್ ಹಾರ್ನ್ ಹೊಡೆಯಿತು. ಡಬ್ಬಿಗಳು ಮುಚ್ಚಿಕೊಳ್ಳತೊಡಗಿದವು.

ನಾನು ಒಳಗೆ ಹೋದೆ. ಇಳಾ ಕೈ ಕಟ್ಟಿಕೊಂಡೇ ತಲೆ ಎತ್ತಿ ಕೇಳಿದಳು. “ಅಮ್ಮಾ, ಫೋಟೊ ಆಯ್ತು. ಈಗ ತಿನ್ಲಾ?”

ಅಲ್ಲೇ ಚಾಪೆಯ ಮೇಲೆ ಕೂತು ಅವಳಿಗೆ ತಿನ್ನಿಸಿದೆ. ಕಿವಿ, ಕಣ್ಣು ಯಾವುದನ್ನೂ ನೋಡದೆ ಎಲ್ಲ ತಿಂದಳು. ಎನ್.ಆರ್. ಪುರದ ಬಸ್ ಹೋಯಿತು. ಹೋಗಲಿ.

ಮನೆಯಲ್ಲಿ ಹೇಳಿದೆ. ಇವರು ರೀಲ್ಸ್ ನಿಲ್ಲಿಸಿ ಕೇಳಿಸಿಕೊಂಡರು (ಇದು ಸಣ್ಣ ಸಂಗತಿಯಲ್ಲ). ಅಂದು ಇಳಾ ತಟ್ಟೆಯ ಮುಂದೆ ಕೈ ಕಟ್ಟಿದಾಗ ಶಿಸ್ತಿನ ಮಾತು ಬರಲಿಲ್ಲ. ಇವರೇ ಆ ಪುಟ್ಟ ಕೈ ಬಿಡಿಸಿ ತಟ್ಟೆಗೆ ಇಟ್ಟರು. “ಪೇರೆಂಟ್ಸ್ ಮೀಟಿಂಗಲ್ಲಿ ಇದನ್ನ ಕೇಳ್ಲೇಬೇಕು” ಎಂದರು. ಮೀಟಿಂಗಿನ ದಿನ ಮಾತ್ರ, “ನೀನೇ ಹೋಗು, ನಂಗೆ ಕೆಲಸ ಉಂಟು” ಎಂದರು. ಎಲ್ಲ ಗಂಡಸರಿಗೂ ಅಂದೇ ಕೆಲಸವಿತ್ತು. ಹೆಸರು ಪೇರೆಂಟ್ಸ್ ಮೀಟಿಂಗ್. ಬಂದವರೆಲ್ಲ ಅಮ್ಮಂದಿರು.

ನಾನು ಕಂಡದ್ದನ್ನು ಹೇಳಿದೆ. ಮಿಸ್ ಮುಖ ಸಣ್ಣದಾಯಿತು. “ನಾನೇನು ಮಾಡ್ಲಿ ಮೇಡಂ? ಶೃಂಗೇರಿಯ ಒಂದು ಸ್ಕೂಲಿನವ್ರ ಪೇಜ್ ನೋಡಿ. ದಿನಾ ಫೋಟೊ ಹಾಕ್ತಾರೆ. ಒಂದು ದಿನ ನಾನು ಹಾಕದಿದ್ರೆ ನೀವೇ ಮೆಸೇಜ್ ಮಾಡ್ತೀರಿ, ನಮ್ಮ ಮಗುದು ಎಲ್ಲಿ ಅಂತ” ಎಂದರು.

ಮಾತು ನಿಜ.

ಆಗ ಶಬಾನಾ ಎದ್ದು ನಿಂತಳು. ಬಸ್ ಸ್ಟ್ಯಾಂಡ್ ಹತ್ತಿರ ಬಟ್ಟೆ ಅಂಗಡಿ ನಡೆಸುವ ಗೆಳತಿ, ಅವಳ ಮಗ ಅಯಾನ್ ಇಳಾಳ ಜೊತೆಯವನು. “ನಮ್ಮ ಹುಡುಗ ಊಟ ಮಾಡೋದು ವ್ಯಾನಲ್ಲಿ ಮಿಸ್. ನಾನೇ ಹೇಳಿಕೊಟ್ಟಿದ್ದೀನಿ. ವ್ಯಾನಿನವ್ರು ಫೋಟೊ ಕೇಳೋದಿಲ್ಲ” ಎಂದಳು.

ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಮೇಗುಂದದ ಆ ತಾಯಿ ಮೆಲ್ಲಗೆ ಕೇಳಿದರು. “ಫೋಟೊ ನಿಲ್ಲಿಸಿದ್ರೆ, ನಾವು ಕತ್ತಲಲ್ಲಿ ಎದ್ದು ಮಾಡಿದ್ದು ಯಾರಿಗೆ ಗೊತ್ತಾಗೋದು?”

ಈಗ ಯಾರೂ ನಗಲಿಲ್ಲ. ಆ ಪ್ರಶ್ನೆ ಅಲ್ಲಿ ಕೂತಿದ್ದ ಎಲ್ಲರದೂ ಆಗಿತ್ತು. ಮನೆಯಲ್ಲಿ ಉಪ್ಪು ಕಡಿಮೆಯಾದ ದಿನ ಮಾತ್ರ ಅಡುಗೆ ಮಾಡಿದವಳ ನೆನಪಾಗುತ್ತದೆ. ಸರಿಯಾದ ದಿನ ತಟ್ಟೆ ಸರಿಸಿ, ಕೈ ತೊಳೆದು, ಎದ್ದು ಹೋಗುತ್ತಾರೆ. ವಾಟ್ಸಾಪಿನ ಆ ಹಳದಿ ಚಪ್ಪಾಳೆಗಳನ್ನು ಬಿಟ್ಟರೆ ನಮಗೆ ಚಪ್ಪಾಳೆ ತಟ್ಟಿದವರು ಯಾರು? ಆದರೆ ಅದಕ್ಕೆ ಮಕ್ಕಳನ್ನು ಹಸಿದು ಕೂರಿಸಬೇಕೇ?

ಕೊನೆಗೆ ಮಿಸ್ ಒಪ್ಪಿದರು. ಮೊದಲು ಊಟ. ಆಮೇಲೆ ಖಾಲಿ ಡಬ್ಬಿಯ ಫೋಟೊ. ರೊಟ್ಟಿಯ ಮೇಲಿನ ನಿಷೇಧವನ್ನೂ ತೆಗೆದರು.

ಈಗ ಇಳಾಳ ಡಬ್ಬಿಯಲ್ಲಿ ಮೊಸರನ್ನ, ಇಲ್ಲವೇ ತುಪ್ಪ ಸವರಿ ಸುತ್ತಿದ ರೊಟ್ಟಿ. ಕಣ್ಣಿಲ್ಲ, ಕಿವಿಯಿಲ್ಲ. ನಿಜವಾಗಿ ಐದೇ ನಿಮಿಷ. ತಿಂದು ಬರುತ್ತಾಳೆ. ಕೈ ಕಟ್ಟುವ ಅಭ್ಯಾಸ ನಿಧಾನಕ್ಕೆ ಬಿಟ್ಟುಹೋಯಿತು.

ಗ್ರೂಪಿನ ಕಥೆ? ಅಲ್ಲೀಗ ಯಾರ ಡಬ್ಬಿ ಎಷ್ಟು ಖಾಲಿ ಎಂಬ ಪೈಪೋಟಿ. ಮೊನ್ನೆ ಒಂದು ಡಬ್ಬಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೂಡಲೇ ಒಬ್ಬರು ಬರೆದರು, “ಇದು ತಿಂದದ್ದಲ್ಲ, ತೊಳೆದದ್ದು.” ಸಂಜೆಯವರೆಗೆ ಅದೇ ಜಗಳ.

ಮಕ್ಕಳ ಹಸಿವೇನೋ ನೀಗಿತು. ನಮ್ಮದು?