ಅಕ್ಕಲಕೋಟೆ ಬಸ್ಸಿನ ಹಿಂದೆ ಓಡಿದವನು

ಗೆಳೆಯರೇ, ಇವತ್ತು ಬೆಳಿಗ್ಗೆ ಮಹಾರಾಷ್ಟ್ರದ ಎಸ್‌ಟಿ ಬಸ್ಸೊಂದು ನನಗಾಗಿ ನಡುರಸ್ತೆಯಲ್ಲಿ ನಿಂತಿತು. ರವಿವಾರ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಓಟದ ಸ್ಪರ್ಧೆ ಇದೆಯಲ್ಲ, ಅದರ ತಯಾರಿಗೆ ಓಡುತ್ತಿದ್ದೆ. ನಮ್ಮ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರದು ಒಂದೇ ಪಾಠ: "ಕಾಲ ಸೋತ್ರೂ ದಮ ಹಿಡೀಬೇಕು." ಅದನ್ನೇ ಜಪಿಸುತ್ತಿದ್ದರೂ, ಈಗಷ್ಟೇ ಏಳುತ್ತಿರುವ ಎಂಐಡಿಸಿ ಕಾರ್ಖಾನೆ ಶೆಡ್ಡುಗಳನ್ನು ದಾಟುವಷ್ಟರಲ್ಲಿ ನಾಲಿಗೆ ಹೊರಬಂದಿತ್ತು.

ಮುಂದೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರ್ ನನ್ನನ್ನು ಕಂಡು ಡ್ರೈವರನಿಗೆ ಕೂಗಿದ: "ಮಾಮಾ, ಜರಾ ದಮ ಹಿಡೀರಿ, ಗಾಡಿ ನಿಂದರಸ್ರಿ! ಪಾಪ, ಒಬ್ಬಾಂವ ಬಸ್ಸಿಗಂತ ಓಡಿ ಬರಾಕತ್ತಾನ!"

ಹತ್ತಿರ ಹೋಗಿ ಹೇಳಿದೆ: "ನಾ ಬಸ್ಸಿಗೆ ಓಡಾಕತ್ತಿಲ್ರಿ. ಸುಮ್ನ ಓಡಾಕತ್ತೀನಿ."

ಕಿಟಕಿಯಲ್ಲಿದ್ದ ಅಜ್ಜಿ ಕೇಳಿದಳು: "ಸುಮ್ನ ಯಾರರ ಓಡ್ತಾರೇನೋ? ಮನ್ಯಾಗ ಜಗಳಾ ಆಗೇತೇನು?"

"ಸ್ಪರ್ಧಾ ಐತ್ರಿ ಅಜ್ಜಿ. ಮನಸ್ಸು ಗಟ್ಟಿ ಮಾಡಾಕತ್ತೀನಿ."

"ಆಮ್ಯಾಲೆ ಗಟ್ಟಿ ಮಾಡು. ಮೊದಲ ಕುಂದ್ರು ಬಾ" ಎಂದು ಅಜ್ಜಿ ತನ್ನ ಗಂಟು ಸರಿಸಿದಳು.

ಆ ಕಿಟಕಿಯ ಗಾಳಿ ಎಂಥ ತಂಪು ಅಂತೀರಿ! ಅಕ್ಕಲಕೋಟೆ ಬರುವತನಕ ಅಜ್ಜಿಯ ಗಂಟಿಗೆ ತಲೆಯಿಟ್ಟು ನಿದ್ದೆ ಹೊಡೆದೆ.

ವಸ್ತಾದರಿಗೆ ಯಾರೂ ಹೇಳಬೇಡಿ. ಇವತ್ತು ದಮ ಹಿಡಿದದ್ದು ಡ್ರೈವರ್ ಒಬ್ಬನೇ.