ಪದ್ಮಾಕ್ಷಿಯವರ ಕಣ್ಣಳತೆ
ಗಣಪತಿ ಎಂಬ ಬಡಾವಣೆಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಪದ್ಮಾಕ್ಷಿಯವರಿಗೆ, ಯಾರನ್ನು ಕಂಡರೂ ಮೈಯಲ್ಲಿ ರಕ್ತವೆಷ್ಟಿದ್ದೀತೆಂದು ಅಂದಾಜು ಮಾಡುವ ಚಟ. ಮದುವೆಮನೆಯಲ್ಲಿ ದಪ್ಪನೆಯ ಬೀಗರನ್ನು ನೋಡಿ, "ತೂಕ ನಂಬಬಾರ್ದು ರೀ, ಕೊಬ್ಬಲ್ಲಿ ರತ್ತ ಕಮ್ಮಿ, ಐದು ಲೀಟರ್ ಇದ್ರೆ ಜಾಸ್ತಿ" ಎಂದು ಗಂಡನ ಕಿವಿಯಲ್ಲಿ ಹೇಳದಿದ್ದರೆ ಅವರಿಗೆ ಊಟ ಸೇರದು. ಆಪರೇಷನ್ ನಡೆಯುವಾಗ ರಕ್ತ ಹೀರಿದ ಬಟ್ಟೆಯ ಚೂರನ್ನೂ ತೂಗಿಸುವ ಅವರ ಕಾಟಕ್ಕೆ ಸರ್ಜನ್‌ಗಳು ಗೊಣಗುತ್ತಾರೆ. ಕುನ್ನತ್ತೂರಿನ ಹಸುಗೂಸೊಂದು ಆಪರೇಷನ್ ಮೇಜಿನ ಮೇಲೆ ಮಲಗಿದ ದಿನ ಮಾತ್ರ ಯಾರೂ ಗೊಣಗಲಿಲ್ಲ. ಅದರ ಮೈಯಲ್ಲಿದ್ದುದೇ ಒಂದು ಲೋಟದಷ್ಟು ರಕ್ತ. ಹೋದಷ್ಟನ್ನೇ ಅಳೆದು, ಪದ್ಮಾಕ್ಷಿ ತಾವೇ ಸಿರಿಂಜಿನಲ್ಲಿ ಏರಿಸಿದರು. ಅವರು ಹೊರಗೆ ಬಂದಾಗ ಮಗುವಿನ ತಾಯಿ, ಬಿಳಿಚಿದ ಬಾಣಂತಿ, "ನನ್ ರತ್ತ ಪೂರಾ ತಗೊಳ್ಳಿ ಡಾಕ್ಟ್ರಮ್ಮಾ" ಎಂದು ಕೈ ಚಾಚಿದಳು. ಆ ಮೈಯಲ್ಲಿ ಎಷ್ಟಿದೆಯೆಂದು ಅವರು ಹೇಳಲಿಲ್ಲ. "ಮಗು ಚೆನ್ನಾಗಿದೆ. ನಿಂದು ನಿನಗೇ ಇರ್ಲಿ ಕಣಮ್ಮಾ, ಹಾಲು ಕುಡಿಸ್ಬೇಕಲ್ಲ" ಎಂದರು.